ಜಾವಾ ಟ್ಯಾಂಕಿನೊಳಗೆ ಉಳಿದ ಒಂದು ನಟ್ಟು

ಕ್ಯಾಮೆರಾವನ್ನು ಬಣ್ಣದ ಡಬ್ಬವೊಂದರ ಮೇಲೆ ಇಟ್ಟಿರುವುದರಿಂದ ಈ ವಿಡಿಯೊದ ದೃಶ್ಯ ಸ್ವಲ್ಪ ಎಡಕ್ಕೆ ವಾಲಿದಂತೆ ಕಾಣುತ್ತದೆ. ಗಾಡಿ ಮಾತ್ರ ನೆಟ್ಟಗೇ ನಿಂತಿದೆ. ಈ ಇಡೀ ಯಂತ್ರದಲ್ಲಿ ತಕರಾರಿಲ್ಲದೆ ಕೆಲಸ ಮಾಡುತ್ತಿರುವ ಭಾಗವೆಂದರೆ ಅದರ ಸೆಂಟರ್ ಸ್ಟ್ಯಾಂಡ್ ಒಂದೇ. ಇದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಸಿಸಿ ಮೋಟಾರ್‌ಸೈಕಲ್, 353 ಎಂದು ಕರೆಯಲಾಗುವ ಮಾದರಿ. ಹದಿನೆಂಟು ವರ್ಷ ಗೋಡೆಗೊರಗಿ ನಿಂತಿದ್ದ ಇದನ್ನು ಮೊದಲ ಬಾರಿಗೆ ಸ್ಪಾನರ್ ಹಿಡಿದ ನನ್ನಂಥವನು ಬಿಚ್ಚಲು ಹೊರಟಿದ್ದಾನೆ ಎಂಬುದನ್ನು ಹಳೆಯ ವೀಕ್ಷಕರು ಬಲ್ಲರು. ಹೊಸಬರಿಗೆ ಇಷ್ಟು ಪರಿಚಯ ಸಾಕು.

ಈಗ ವೇಗವಾಗಿ ಓಡುತ್ತಿರುವ ದೃಶ್ಯದಲ್ಲಿ ಸಿಲಿಂಡರ್ ಹೆಡ್ ಬಿಚ್ಚಿಕೊಳ್ಳುತ್ತಿದೆ. ಪಿಸ್ಟನ್ ಮೇಲ್ಭಾಗಕ್ಕೆ ಸ್ವಲ್ಪ ಕೆಳಗೆ ಕಚ್ಚಿಕೊಂಡು ಕುಳಿತಿತ್ತು. ಕಿಕ್ಕರ್ ಮೇಲೆ ನಿಂತು ಕುಣಿದರೆ ಬಿಟ್ಟುಕೊಳ್ಳುತ್ತದೆ ಎಂದು ಸಲಹೆ ಕೊಟ್ಟವರು ಬಹಳ ಮಂದಿ. ಹಾಗೆ ಮಾಡಿದ್ದರೆ ಪಿಸ್ಟನ್ ಬಿಡುವುದಕ್ಕೆ ಮೊದಲು ಕಿಕ್ಕರಿನ ಹಲ್ಲುಗಳು ಬಿಡುತ್ತಿದ್ದವು. ನಾನು ಬೋರಿನೊಳಗೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಕೊಳವೆಯೊಳಗೆ, ಡೀಸೆಲ್ ಮತ್ತು ಗೇರ್ ಎಣ್ಣೆಯನ್ನು ಬೆರೆಸಿ ಸುರಿದು, ಪ್ರತಿದಿನ ಒಮ್ಮೆ ನೋಡಿ, ಇಳಿದಷ್ಟನ್ನು ಮತ್ತೆ ತುಂಬಿ, ಆರು ದಿನ ಕಾದೆ. ಏಳನೆಯ ದಿನ ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮುಂದಕ್ಕೂ ಹಿಂದಕ್ಕೂ ಅಲ್ಲಾಡಿಸಿದಾಗ, ಮುಚ್ಚಿದ ಹಳೆಯ ಕಿಟಕಿ ತೆರೆದಂತಹ ಒಂದು ಸಣ್ಣ ಕಿರುಗುಟ್ಟುವಿಕೆ ಕೇಳಿಸಿತು. ಅಷ್ಟೇ; ಆ ಸದ್ದನ್ನು ಕ್ಯಾಮೆರಾ ಹಿಡಿದಿಲ್ಲ, ಏಕೆಂದರೆ ಅಂದು ಕ್ಯಾಮೆರಾವನ್ನು ಚಾರ್ಜಿಗೆ ಹಾಕಿ ಬಂದಿದ್ದೆ.

ಕಿಕ್ಕರಿನ ಮಾತು ಬಂದಾಗಲೇ ಒಂದು ತಪ್ಪೊಪ್ಪಿಗೆಯನ್ನು ಮುಗಿಸಿಬಿಡುತ್ತೇನೆ. ಮೊದಲ ದಿನ ಕಾಣೆಯಾದ ಭಾಗಗಳ ಪಟ್ಟಿ ಬರೆದಾಗ ಅದರಲ್ಲಿ ಮೊದಲ ಸಾಲು 'ಕಿಕ್ಕರ್ ಇಲ್ಲ' ಎಂದಿತ್ತು. ಜಾವಾದಲ್ಲಿ ಗೇರ್ ಹಾಕುವ ಲಿವರೇ ಕಿಕ್ಕರ್ ಕೂಡ ಎಂಬುದು, ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಮೇಲೆದ್ದು ನಿಲ್ಲುತ್ತದೆ ಎಂಬುದು ನನಗೆ ತಿಳಿದದ್ದು ಎರಡು ದಿನದ ನಂತರ. ಇನ್ನೂ ಸೊಗಸಿನ ವಿಷಯವೆಂದರೆ, ಆ ಲಿವರನ್ನು ಕಾಲಿನಿಂದ ಅದುಮಿದಾಗ ಕ್ಲಚ್ ತಾನಾಗಿಯೇ ಬಿಡುವಂತೆ ಒಳಗೆ ಏರ್ಪಾಡಿದೆ. ಓಡುತ್ತಿರುವಾಗ ಕೈಯ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು. ಒಂದೇ ಲಿವರಿನಿಂದ ಮೂರು ಕೆಲಸ ತೆಗೆದವರ ಬಗ್ಗೆ ನನಗೆ ಗೌರವವಿದೆ, ಅದನ್ನು ಬಿಚ್ಚಿ ಮತ್ತೆ ಜೋಡಿಸಬೇಕಾದಾಗ ಅಷ್ಟಿರುವುದಿಲ್ಲ.

ಈ ದೃಶ್ಯದಲ್ಲಿ ಸಿಲಿಂಡರಿನಿಂದ ಎರಡು ಸೈಲೆನ್ಸರ್ ಕೊಳವೆಗಳು ಹೊರಡುವುದನ್ನು ನೋಡಿ ಇದು ಎರಡು ಸಿಲಿಂಡರಿನ ಗಾಡಿಯೇ ಎಂದು ಕೇಳುವವರಿದ್ದಾರೆ. ಸಿಲಿಂಡರ್ ಒಂದೇ, ಬೋರಿನ ಅಗಲ 65 ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ ಅಥವಾ ಸ್ಟ್ರೋಕ್ 75 ಮಿಲಿಮೀಟರ್. ಹೊಗೆ ಹೊರಹೋಗುವ ಬಾಗಿಲುಗಳು ಮಾತ್ರ ಎರಡು. ಹೆಸರಿನ ಕಥೆಯೂ ಇದೇ ರೀತಿ ಜೋಡಿಯದ್ದು: ಜೆಕ್ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸವನ್ನು ಕೊಂಡಾಗ ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿದ. ಹಾಗಾಗಿ ಅದರ ತವರಿನಲ್ಲಿ ಇದನ್ನು 'ಯಾವಾ' ಎನ್ನುತ್ತಾರೆ. ಮೈಸೂರಿನ ಕಂಪನಿ ಹುಟ್ಟಿದ್ದು 1960ರಲ್ಲಿ, ಮುಚ್ಚಿದ್ದು 1996ರಲ್ಲಿ. ನಡುವೆ 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಆಯಿತು. ಇದನ್ನು ಹೇಳಲು ಕಾರಣವಿದೆ. ಜಾವಾಕ್ಕೆಂದು ಕೊಟ್ಟ ಭಾಗ ಯೆಜ್ಡಿಯದ್ದಾಗಿರಬಹುದು, ಯೆಜ್ಡಿಯದ್ದು ಕೆಲವು ಕಡೆ ಕೂರುತ್ತದೆ, ಕೆಲವು ಕಡೆ ಕೂತಂತೆ ನಟಿಸುತ್ತದೆ. ಆದ್ದರಿಂದ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೊಸದನ್ನು ಹುಡುಕಬೇಕು.

ಈಗ ಟ್ಯಾಂಕ್. ಈ ಭಾಗವನ್ನು ಎರಡು ನಿಮಿಷದಲ್ಲಿ ಮುಗಿಸುವ ಯೋಚನೆಯಿತ್ತು.

ಒಳಗೆ ಟಾರ್ಚ್ ಬಿಟ್ಟಾಗ ಕಂಡದ್ದು ಇದು: ಚಕ್ಕೆ ಚಕ್ಕೆಯಾಗಿ ಎದ್ದ ತುಕ್ಕು, ತಳದಲ್ಲಿ ಬೆಲ್ಲದ ಪಾಕದಂತೆ ಗಟ್ಟಿಯಾದ ಹಳೆಯ ಪೆಟ್ರೋಲು. ಸೋಪಿನ ನೀರಿನಿಂದ ಪೆಟ್ರೋಲಿನ ವಾಸನೆ ಹೋಗುವವರೆಗೆ ತೊಳೆದ ಮೇಲೆ, ಸಡಿಲವಾದ ತುಕ್ಕನ್ನು ಉದುರಿಸಲು ಒಂದಷ್ಟು ಕಬ್ಬಿಣದ ನಟ್ಟುಗಳನ್ನು ಒಳಗೆ ಹಾಕಿ ಕುಲುಕಬೇಕೆಂದು ಓದಿದ್ದೆ. ಬುದ್ಧಿವಂತನಾದ ನಾನು ನಟ್ಟುಗಳನ್ನು ಎಣಿಸಿಯೇ ಹಾಕಿದೆ, ಸರಿಯಾಗಿ ನಲವತ್ತು. ಅರ್ಧ ಗಂಟೆ ಕುಲುಕಿ, ಟ್ಯಾಂಕನ್ನು ಬೋರಲು ಮಾಡಿ ಸುರಿದಾಗ ಬಂದದ್ದು ಮೂವತ್ತೊಂಬತ್ತು. ಮತ್ತೆ ಎಣಿಸಿದರೂ ಮೂವತ್ತೊಂಬತ್ತು. ಅಪ್ಪ ಬಾಗಿಲಲ್ಲಿ ನಿಂತು, "ಸರಿಯಾಗಿ ಎಣಿಸಿ ಹಾಕಿದ್ದೀಯೇನೋ?" ಎಂದರು. "ಹಾಕಿದ್ದೀನಪ್ಪಾ" ಎಂದು ಹೇಳಿ ಟ್ಯಾಂಕನ್ನು ಅಲ್ಲಾಡಿಸಿದೆ. ಒಳಗಿನಿಂದ ಠಣ್ ಎಂದು ಅದೇ ಉತ್ತರ ಕೊಟ್ಟಿತು.

ಮೋಟಾರ್‌ಸೈಕಲಿನ ಟ್ಯಾಂಕ್ ಹೊರಗಿನಿಂದ ಒಂದೇ ಪಾತ್ರೆಯಂತೆ ಕಂಡರೂ ಒಳಗೆ ಹಾಗಿರುವುದಿಲ್ಲ. ಫ್ರೇಮಿನ ಕೊಳವೆ ಹಾದುಹೋಗಲೆಂದು ತಳದ ನಡುವೆ ಒಂದು ದಿಬ್ಬ ಎದ್ದಿರುತ್ತದೆ, ಅದರ ಎರಡು ಪಕ್ಕಗಳಲ್ಲಿ ಎರಡು ಕಣಿವೆಗಳು. ಟ್ಯಾಂಕನ್ನು ಬೋರಲು ಹಾಕಿದರೆ ದಿಬ್ಬದ ತೊಂದರೆ ತಪ್ಪುತ್ತದೆ, ಆದರೆ ಈ ಟ್ಯಾಂಕಿನ ಬಾಯಿಯ ಅಂಚು ಒಳಗಡೆಗೆ ಸ್ವಲ್ಪ ಇಳಿದುಕೊಂಡಿದೆ. ನಟ್ಟು ಜಾರುತ್ತಾ ಬಾಯಿಯವರೆಗೆ ಬರುತ್ತದೆ, ಆ ಅಂಚಿಗೆ ತಗಲುತ್ತದೆ, ಬಾವಿಯ ಕಟ್ಟೆಯನ್ನು ಸುತ್ತುವ ಕರುವಿನಂತೆ ಒಂದು ಸುತ್ತು ಹಾಕಿ ಬಂದ ದಾರಿಯಲ್ಲೇ ಮರಳುತ್ತದೆ. ಉಳಿದ ಮೂವತ್ತೊಂಬತ್ತು ಹೇಗೆ ಬಂದವು ಎಂದರೆ, ಅವು ಒಂದರ ಮೇಲೊಂದು ರಾಶಿಯಾಗಿ ಅಂಚನ್ನು ದಾಟಿದ್ದವು. ಒಂಟಿಯಾಗಿ ಉಳಿದದ್ದಕ್ಕೆ ಹತ್ತಿಕೊಳ್ಳಲು ಇನ್ನೊಂದರ ಬೆನ್ನಿರಲಿಲ್ಲ.

ಆಯಸ್ಕಾಂತ ಬಳಸಬಾರದೇ ಎಂದು ನೀವು ಕೇಳುತ್ತೀರಿ. ನಾನೂ ಅದನ್ನೇ ಮೊದಲು ಮಾಡಿದೆ. ದಾರಕ್ಕೆ ಕಟ್ಟಿ ಒಳಗೆ ಇಳಿಬಿಟ್ಟ ಆಯಸ್ಕಾಂತ ನಟ್ಟಿನ ಗೊಡವೆಗೇ ಹೋಗದೆ ಟ್ಯಾಂಕಿನ ಗೋಡೆಗೆ ಅಂಟಿಕೊಂಡಿತು, ಏಕೆಂದರೆ ಟ್ಯಾಂಕೂ ಉಕ್ಕಿನದ್ದೇ. ಅದನ್ನು ಬಿಡಿಸಿಕೊಳ್ಳಲು ಎಳೆದಾಗ ದಾರ ತುಂಡಾಯಿತು. ಈಗ ಒಳಗೆ ಒಂದು ನಟ್ಟು, ಒಂದು ಆಯಸ್ಕಾಂತ. ಈ ಹಂತದಲ್ಲಿ ಕ್ಯಾಮೆರಾ ಆಫ್ ಆಗಿರುವುದು ಆಕಸ್ಮಿಕವಲ್ಲ.

ಮರುದಿನ ರಾಶಿಯ ತರ್ಕವನ್ನೇ ನಂಬಿ, ಹೊರಗಿದ್ದ ಮೂವತ್ತೊಂಬತ್ತನ್ನೂ ಮತ್ತೆ ಒಳಗೆ ಸುರಿದೆ. ನಲವತ್ತೂ ಒಟ್ಟಾಗಿ ಬಂದರೆ ಬರಲಿ ಎಂಬ ಆಸೆ. ಬಂದದ್ದು ಮೂವತ್ತೆಂಟು. ಆಯಸ್ಕಾಂತ ಒಂದನ್ನು ಹಿಡಿದುಕೊಂಡಿತ್ತು, ಇನ್ನೊಂದು ತನ್ನ ಪಾಡಿಗೆ ಸುತ್ತುತ್ತಿತ್ತು. ಕೊನೆಗೆ ದಾರಿ ತೋರಿಸಿದವರು ಅಪ್ಪ. "ನಟ್ಟಿಗೆ ತೂತಿದೆಯಲ್ಲ ಮಾರಾಯ" ಎಂದು, ವೆಲ್ಡಿಂಗ್ ಕಡ್ಡಿಯೊಂದರ ಹೊರಪದರವನ್ನು ಉದುರಿಸಿ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಕೊಟ್ಟರು. ಅವರು ಟ್ಯಾಂಕನ್ನು ತಲೆಯ ಮೇಲೆ ಬೋರಲಾಗಿ ಎತ್ತಿ ಹಿಡಿದುಕೊಂಡರು, ನಾನು ಕೆಳಗೆ ಕುಳಿತು ನಟ್ಟು ಬಾಯಿಯ ಬಳಿ ಬಂದಾಗಲೆಲ್ಲ ಮೀನು ಹಿಡಿಯುವವನಂತೆ ಕೊಕ್ಕೆ ಹಾಕಿದೆ. ಮೊದಲ ನಟ್ಟಿಗೆ ಹತ್ತು ನಿಮಿಷ, ಎರಡನೆಯದಕ್ಕೆ ಆಯಸ್ಕಾಂತವೂ ಸೇರಿ ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಸಲಹೆ ಇಷ್ಟು: ನಟ್ಟುಗಳನ್ನು ಹಾಕಲೇಬೇಡಿ. ಹಳೆಯ ಸೈಕಲ್ ಚೈನನ್ನು ಇಳಿಬಿಟ್ಟು, ಒಂದು ತುದಿಯನ್ನು ತಂತಿಯಿಂದ ಕಟ್ಟಿ ಹೊರಗೇ ಇಟ್ಟುಕೊಂಡು ಕುಲುಕಿ. ಕೆಲಸವಾದ ಮೇಲೆ ಎಳೆದರೆ ಇಡಿಯಾಗಿ ಬರುತ್ತದೆ.

ತುಕ್ಕನ್ನು ಕರಗಿಸಲು ಸಿಟ್ರಿಕ್ ಆಸಿಡ್ ಬಳಸಿದೆ, ಒಂದು ಲೀಟರ್ ನೀರಿಗೆ ಸುಮಾರು ನೂರು ಗ್ರಾಮಿನಂತೆ. ಕಬ್ಬಿಣದೊಂದಿಗೆ ಸೇರಿದಾಗ ಇದು ಸಣ್ಣಗೆ ಹೈಡ್ರೋಜನ್ ಬಿಡುತ್ತದೆ, ಆದ್ದರಿಂದ ಟ್ಯಾಂಕಿನ ಬಾಯಿಯನ್ನು ಬಿಗಿಯಾಗಿ ಮುಚ್ಚಬಾರದು, ಹತ್ತಿರ ಕಿಡಿಯೂ ಇರಬಾರದು. ಒಂದು ದಿನದ ನಂತರ ಚೆಲ್ಲಿದಾಗ ಒಳಗೆ ಬೂದುಬಣ್ಣದ ಶುದ್ಧ ಲೋಹ ಕಂಡಿತು. ನೋಡಿ ಸಂತೋಷಪಟ್ಟು, ತೊಳೆದು, ತಾನೇ ಒಣಗಲೆಂದು ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಒಳಗೆಲ್ಲ ಕಿತ್ತಳೆ ಬಣ್ಣ. ಬರಿಮೈಯ ಉಕ್ಕಿಗೆ ತೇವ ತಗಲಿದರೆ ತುಕ್ಕು ಮರಳಲು ಒಂದು ರಾತ್ರಿ ಬೇಕಾದದ್ದಕ್ಕಿಂತ ಹೆಚ್ಚೇ. ಎರಡನೆಯ ಸಲ ಆಸಿಡ್ ಚೆಲ್ಲಿದ ಕೂಡಲೇ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿ, ಕೈಗೆ ಬೆಚ್ಚಗಾಗುವಷ್ಟು ಒಣಗಿಸಿ, ತಕ್ಷಣವೇ ಟು-ಸ್ಟ್ರೋಕ್ ಎಣ್ಣೆಯನ್ನು ಸುರಿದು ಎಲ್ಲ ಮೂಲೆಗೂ ಹೊರಳಿಸಿದೆ. ಇವತ್ತಿಗೆ ಒಂಬತ್ತು ದಿನವಾಯಿತು, ಬಣ್ಣ ಬದಲಾಗಿಲ್ಲ.

ಹೊರಮೈಯ ಬಗ್ಗೆ ನಾನು ಮಾತು ಬದಲಿಸುತ್ತಿದ್ದೇನೆ. ಮೊದಲ ಭಾಗದಲ್ಲಿ, ಬಣ್ಣವನ್ನೆಲ್ಲ ಕೆರೆದು ಹೊಸದಾಗಿ ಹೊಡೆಸುತ್ತೇನೆ, ಕ್ರೋಮ್ ಕನ್ನಡಿಯಂತೆ ಹೊಳೆಯಬೇಕು ಎಂದು ಹೇಳಿದ್ದೆ. ಆದರೆ ಟ್ಯಾಂಕನ್ನು ಇಷ್ಟು ದಿನ ಮಡಿಲಲ್ಲಿಟ್ಟುಕೊಂಡು ಕುಳಿತ ಮೇಲೆ, ಮುಚ್ಚಳದ ಸುತ್ತ ಪೆಟ್ರೋಲ್ ಚೆಲ್ಲಿ ಚೆಲ್ಲಿ ಮರೂನ್ ಬಣ್ಣ ಮಾಸಿ ಉಂಗುರದಂತಾಗಿರುವುದು, ಆ ಉಂಗುರ ಯಾವಾಗಲೂ ಎಡಗಡೆಗೇ ದಪ್ಪವಾಗಿರುವುದು ಕಣ್ಣಿಗೆ ಬಿತ್ತು. ಇದನ್ನು ಓಡಿಸಿದವರು ಪ್ರತಿ ಬಾರಿಯೂ ಎಡಬದಿಯಲ್ಲೇ ನಿಂತು ಪೆಟ್ರೋಲ್ ಹಾಕಿಸಿರಬೇಕು. ಅದನ್ನು ಕೆರೆಯಲು ನನಗೆ ಮನಸ್ಸಿಲ್ಲ. ಹೊಸ ಬಣ್ಣ ಹೊಡೆಸಿದ ಹಳೆಯ ಗಾಡಿಗಳು ಮದುವೆ ಮನೆಯ ಬಾಡಿಗೆ ಕುರ್ಚಿಗಳಂತೆ ಕಾಣುತ್ತವೆ ಎಂದು ಈಗ ನನ್ನ ಅಭಿಪ್ರಾಯ. ಮುಂದಿನ ತಿಂಗಳು ಬೇರೆಯಾದರೆ ಅದನ್ನೂ ಹೇಳುತ್ತೇನೆ.

ಎಂಜಿನ್ ಕೆಳಭಾಗದಲ್ಲಿ, ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್‌ಗಳನ್ನು ಬದಲಿಸಿದ್ದೇನೆ, ದೃಶ್ಯ ಓಡುತ್ತಿದೆ. ಟು-ಸ್ಟ್ರೋಕಿನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಹೋಗುವುದು ಕ್ರ್ಯಾಂಕ್ ಕೋಣೆಗೇ. ಸೀಲ್ ಒಣಗಿ ಬಿರಿದಿದ್ದರೆ ಅಲ್ಲಿಂದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾದು ಮತ್ತೆ ಕಚ್ಚಿಕೊಳ್ಳುತ್ತದೆ. ಕ್ಲಚ್ ಬದಿಯದು ಸೋರಿದರೆ ಗೇರ್ ಎಣ್ಣೆಯನ್ನೇ ಹೀರಿ ಸುಡುತ್ತದೆ. ಹದಿನೆಂಟು ವರ್ಷದ ರಬ್ಬರನ್ನು ನಂಬುವುದು ಉಳಿತಾಯವಲ್ಲ.

ಕಿಡಿ ಬರಲಿಲ್ಲ. ಕಿಡಿಗೆ ಬೇಕಾದ ವೋಲ್ಟೇಜ್ ಏರಿಸುವ ಕಾಯಿಲ್ ಹೋಗಿದೆ ಎಂದು ತೀರ್ಮಾನಿಸಿ ಅರ್ಧ ದಿನ ಬೇಸರದಲ್ಲಿ ಕಳೆದೆ. ಆಮೇಲೆ ಬಲಬದಿಯ ಮುಚ್ಚಳ ತೆಗೆದು, ಡೈನಮೋದ ಬಳಿಯಿರುವ, ಕಿಡಿಗಾಗಿ ವಿದ್ಯುತ್ತನ್ನು ಕಡಿದು ಜೋಡಿಸುವ ಪಾಯಿಂಟ್‌ಗಳ ನಡುವೆ ಪೆಟ್ರೋಲಿನಲ್ಲಿ ಅದ್ದಿದ ಕಾಗದದ ಪಟ್ಟಿಯೊಂದನ್ನು ಎಳೆದಾಗ, ಕಾಗದದ ಮೇಲೆ ಕಾಡಿಗೆಯಂತಹ ಒಂದು ಗೆರೆ ಮೂಡಿತು. ಮೂರನೆಯ ಪಟ್ಟಿ ಬೆಳ್ಳಗೆ ಬಂತು. ಪಾಯಿಂಟ್‌ಗಳ ಅಂತರವನ್ನು 0.4 ಮಿಲಿಮೀಟರಿಗೆ ಹೊಂದಿಸಿದ ಮೇಲೆ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರಿತು. 6 ವೋಲ್ಟಿನ ಗಾಡಿಯ ಕಿಡಿ ಬಡಕಲಾಗಿರುತ್ತದೆ ಎಂದು ಕೇಳಿದ್ದೆ. ಪ್ಲಗ್ ಹಿಡಿದುಕೊಂಡಿದ್ದ ನನ್ನ ಮೊಣಕೈ ಅದನ್ನು ಒಪ್ಪುವುದಿಲ್ಲ.

ಇನ್ನು ಉಳಿದದ್ದು ನೀವು ಕಾಯುತ್ತಿರುವ ದೃಶ್ಯ. ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಎಣ್ಣೆ ಸಾಕಾಗುತ್ತದೆ, ಪಿಸ್ಟನ್ನಿಗೆ ಹೊಸ ರಿಂಗ್‌ಗಳಿರುವುದರಿಂದ ನಾನು 50 ಹಾಕಿದ್ದೇನೆ. ಕಾರ್ಬೊರೇಟರಿನ ಬಟ್ಟಲಿಗೆ ಪೆಟ್ರೋಲ್ ಹೆಚ್ಚಾಗಿ ಇಳಿಸುವ ಟಿಕ್ಲರ್ ಗುಂಡಿ ಒತ್ತಿ, ಲಿವರನ್ನು ಹಿಂದಕ್ಕೆ ತಿರುಗಿಸಿ, ಒಂದು, ಎರಡು, ಹನ್ನೊಂದನೆಯ ಒದೆತಕ್ಕೆ ಎಂಜಿನ್ ಹತ್ತಿಕೊಂಡಿತು. ಈ ಸದ್ದಿನ ಮೇಲೆ ನಾನು ಮಾತನಾಡಬಾರದು, ಆದರೆ ಒಂದು ನಿಮಿಷಕ್ಕೂ ಮೊದಲೇ ಅದು ನಿಂತುಹೋಯಿತು. ದೃಶ್ಯದಲ್ಲಿ ನಾನು ಪ್ಲಗ್ ಬಿಚ್ಚುತ್ತಿದ್ದೇನೆ, ಪಾಯಿಂಟ್ ನೋಡುತ್ತಿದ್ದೇನೆ, ತಲೆ ಕೆರೆದುಕೊಳ್ಳುತ್ತಿದ್ದೇನೆ. ಹನಿ ಸೋರುತ್ತಿದೆಯೆಂದು ಚಿತ್ರೀಕರಣಕ್ಕೆ ಮೊದಲು ಪೆಟ್ರೋಲ್ ಕಾಕನ್ನು, ಅಂದರೆ ಟ್ಯಾಂಕಿನ ಕೆಳಗಿನ ನಲ್ಲಿಯನ್ನು, ಮುಚ್ಚಿದವನು ನಾನೇ. ಕಾರ್ಬೊರೇಟರಿನ ಬಟ್ಟಲಿನಲ್ಲಿದ್ದಷ್ಟನ್ನು ಕುಡಿದು ಗಾಡಿ ಸುಮ್ಮನಾಗಿತ್ತು. ಅಪ್ಪ ಬಂದು ಏನೂ ಹೇಳದೆ ಕಾಕ್ ತಿರುಗಿಸಿ ಒಳಗೆ ಹೋಗುವುದು ಹಿನ್ನೆಲೆಯಲ್ಲಿ ಕಾಣುತ್ತದೆ.

ಎರಡನೆಯ ಸಲ ಹತ್ತಿದ ಮೇಲೆ ನಿಲ್ಲಲಿಲ್ಲ. ಎಡಗಡೆಯ ಸೈಲೆನ್ಸರಿನಿಂದ ಬರುತ್ತಿರುವ ಹೊಗೆಯನ್ನೂ ಬಲಗಡೆಯದನ್ನೂ ಹೋಲಿಸಿ ನೋಡಿ: ಬಲಗಡೆ ಕೈ ಇಟ್ಟರೆ ಗಾಳಿಯೇ ತಗಲುವುದಿಲ್ಲ. ಒಳಗಿನ ಜಾಲರಿಯಲ್ಲಿ ಹಳೆಯ ಇಂಗಾಲ ಕಟ್ಟಿಕೊಂಡಿರಬೇಕು, ನಾಳೆ ಬೆಳಿಗ್ಗೆ ಅದನ್ನು ಬಿಚ್ಚುತ್ತೇನೆ. ಹೊಗೆಯೆಲ್ಲ ಕ್ಯಾಮೆರಾದ ಕಡೆಗೇ ಬರುತ್ತಿದೆ, ಬಣ್ಣದ ಡಬ್ಬವೂ ಎಂಜಿನ್ನಿನ ಅದುರಿಗೆ ಸರಿಯುತ್ತಿದೆ, ಬಿದ್ದರೆ