ಹೆಗಲು ಮುಟ್ಟಿಕೊಳ್ಳುವ ಮನಸ್ಸು

ಆತ್ಮೀಯ ಕೇಳುಗರೇ, ನಮಸ್ಕಾರ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಇನ್ನೊಬ್ಬರನ್ನು ಹಂಗಿಸಲಿಕ್ಕೇ ಬಳಸುತ್ತೇವೆ. ಆದರೆ ಆ ಕಳ್ಳನನ್ನು ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಅವನ ಬಾಯಿ ಏನನ್ನೂ ಒಪ್ಪಿಕೊಂಡಿಲ್ಲ, ಬುದ್ಧಿ ಎಚ್ಚರವಾಗಿಯೇ ಇದೆ. ಕೈ ಮಾತ್ರ ಯಾರ ಅಪ್ಪಣೆಗೂ ಕಾಯದೆ ಹೆಗಲಿಗೆ ಹೋಗಿಬಿಟ್ಟಿದೆ. ನಮ್ಮ ವ್ಯಕ್ತಿತ್ವದಲ್ಲಿ ಮುಚ್ಚಿಹೋದ ಭಾಗ ಹೊರಬೀಳುವ ಬಗೆಯೂ ಹೆಚ್ಚುಕಡಿಮೆ ಇದೇ. ಆ ಕಳ್ಳನಿಗೆ ತಾನು ಕದ್ದದ್ದು ಗೊತ್ತಿತ್ತು, ನಮಗೆ ಎಷ್ಟೋ ಸಲ ಅದೂ ಗೊತ್ತಿರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಈ ಹೆಗಲು ಮುಟ್ಟಿಕೊಳ್ಳುವಿಕೆಯನ್ನು ಗಡಿಯಾರ ಹಿಡಿದು ಅಳೆದವರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ ಒಬ್ಬರು. 1875ರಲ್ಲಿ ಹುಟ್ಟಿ 1961ರಲ್ಲಿ ತೀರಿಕೊಂಡ ಅವರು, ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ಜ್ಯೂರಿಕ್ ನಗರದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಎದುರು ಕುಳಿತವರಿಗೆ ನೂರು ಪದಗಳ ಒಂದು ಪಟ್ಟಿಯನ್ನು ಒಂದೊಂದಾಗಿ ಓದಿ ಹೇಳುತ್ತಿದ್ದರು. ತಲೆ, ಹಸಿರು, ನೀರು, ಸಾವು ಮುಂತಾದ ಸಾಧಾರಣ ಪದಗಳೇ ಅವು. ಕೇಳಿದ ತಕ್ಷಣ ಮನಸ್ಸಿಗೆ ಬಂದ ಪದವನ್ನು ಹೇಳಬೇಕು. ಉತ್ತರ ಬರಲು ಹಿಡಿದ ಕಾಲವನ್ನು ಸೆಕೆಂಡಿನ ಐದನೆಯ ಒಂದು ಭಾಗದ ಲೆಕ್ಕದಲ್ಲಿ ಬರೆದುಕೊಳ್ಳುತ್ತಿದ್ದರು. ಹೆಚ್ಚಿನ ಪದಗಳಿಗೆ ಉತ್ತರ ಥಟ್ಟನೆ ಬರುತ್ತಿತ್ತು. ಆದರೆ ಯಾವುದೋ ಒಂದು ಪದಕ್ಕೆ ಬಂದಾಗ ಮಾತು ತಡವರಿಸುತ್ತಿತ್ತು, ನಗು ಬರುತ್ತಿತ್ತು, ಇಲ್ಲವೇ ಕೇಳಿದ ಪದವನ್ನೇ ತಿರುಗಿ ಹೇಳುವಂತಾಗುತ್ತಿತ್ತು. ಏಕೆ ತಡವಾಯಿತೆಂದು ಕೇಳಿದರೆ, ತಡವಾದದ್ದೇ ತಮಗೆ ತಿಳಿಯಲಿಲ್ಲ ಎನ್ನುವವರೂ ಇದ್ದರು. ಅಲ್ಲೆಲ್ಲೋ ಒಳಗೆ ಒಂದು ಗಂಟು ಇದೆಯೆಂದು ಯೂಂಗ್ ಊಹಿಸಿದರು. ಮುಂದೆ ಅವರು, ನಾವು ನಮ್ಮದಲ್ಲವೆಂದು ದೂಡಿದ ಗುಣಗಳ ಸಮೂಹಕ್ಕೆ ‘ನೆರಳು’ ಎಂಬ ಹೆಸರು ಕೊಟ್ಟರು. ಇದು ದೇಹದ ಅಂಗದಂತೆ ತೋರಿಸಬಹುದಾದ ವಸ್ತುವಲ್ಲ, ಮನಸ್ಸಿನ ವ್ಯಾಪಾರವನ್ನು ಕುರಿತು ಮಾತನಾಡಲು ಒದಗುವ ಒಂದು ರೂಪಕ ಎಂಬುದನ್ನು ನಾವು ಮರೆಯದಿರುವುದು ಒಳ್ಳೆಯದು.

ನೆರಳು ಎಂದೊಡನೆ ಕ್ರೌರ್ಯ, ಮತ್ಸರ, ಕಾಮಗಳೇ ನೆನಪಾಗುತ್ತವೆ. ಆದರೆ ಅಲ್ಲಿ ಸೇರುವುದು ಕೆಟ್ಟದ್ದಷ್ಟೇ ಅಲ್ಲ, ಒಪ್ಪಿಗೆ ಸಿಗದೇ ಹೋದದ್ದೆಲ್ಲ. ಸಿಟ್ಟು ಮಾಡಿದಾಗಲೆಲ್ಲ ಹಿರಿಯರ ಮುಖ ಬಾಡುವುದನ್ನು ಕಂಡ ಮಗು ಸಿಟ್ಟನ್ನು ಬಿಟ್ಟುಕೊಡುತ್ತದೆ. ಅದರ ಜೊತೆಗೆ, ಬೇಡವಾದದ್ದನ್ನು ಬೇಡ ಎನ್ನುವ ಶಕ್ತಿಯೂ ಹೋಗುತ್ತದೆ. ಬಹಳ ಸಾಧು ಎಂದು ಹೆಸರು ಪಡೆದ ಆ ಮಗು ಬೆಳೆದು ನಲವತ್ತು ವರ್ಷದವರಾದಾಗ, ಯಾರು ಏನು ಕೆಲಸ ಹೇಳಿದರೂ ಆಗಲಿ ಎಂದು ತಲೆಯಾಡಿಸಿ, ಮನೆಗೆ ಬಂದು ಬಾಗಿಲನ್ನು ಬೇಕಾದುದಕ್ಕಿಂತ ಜೋರಾಗಿ ಹಾಕುತ್ತದೆ. ಗಾಳಿಗೆ ಬಡಿದುಕೊಂಡಿತು ಎಂದು ತಾನೇ ನಂಬುತ್ತದೆ ಕೂಡ.

ನನ್ನದೇ ಒಂದು ಪ್ರಸಂಗವನ್ನು ಹೇಳುತ್ತೇನೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಕಿರಿಯರೊಬ್ಬರು ಪ್ರತಿ ಸಭೆಯಲ್ಲೂ ಯಾವ ಸಂಕೋಚವೂ ಇಲ್ಲದೆ, ಇದು ನಾನು ಮಾಡಿದ್ದು ಎಂದು ಹೇಳುತ್ತಿದ್ದರು. ಅವರು ಹೇಳುತ್ತಿದ್ದುದು ಸುಳ್ಳಲ್ಲ. ಆ ಕೆಲಸ ಅವರೇ ಮಾಡಿದ್ದು. ಆದರೂ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ರಾತ್ರಿ ನಿದ್ದೆ ಬಾರದೆ, ಅವರ ಜಂಭದ ಕುರಿತು ನನ್ನೊಳಗೇ ಒಂದು ದೀರ್ಘ ಭಾಷಣ ಮಾಡಿಕೊಳ್ಳುತ್ತಿದ್ದಾಗ, ಅಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಕೋಪವೇ ಎಂಬ ಪ್ರಶ್ನೆ ಎದ್ದಿತು. ಆಗ ನೆನಪಾದದ್ದು, ಎಂಟು ವರ್ಷದವನಿದ್ದಾಗ ನಾನು ಬರೆದ ಚಿತ್ರವೊಂದನ್ನು ಹಿಡಿದು ಓಡಿಹೋಗಿ, ಚೆನ್ನಾಗಿದೆ ಅಲ್ಲವೇ ಎಂದು ಎಲ್ಲರಿಗೂ ತೋರಿಸಿದ ಸಂದರ್ಭ. ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎಂದು ಹಿರಿಯರು ಮೆಲ್ಲಗೆ ಹೇಳಿದ್ದರು. ಗದರಲಿಲ್ಲ, ಹೊಡೆಯಲಿಲ್ಲ. ನಾನು ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡೆ. ನಾನು ವಿನಯವಂತ ಎಂಬ ಹೆಸರಿಗೆ ಅಲ್ಲಿಂದಲೇ ಆರಂಭ. ಮೆಚ್ಚುಗೆಯ ಹಸಿವು ಹೋಗಿರಲಿಲ್ಲ. ಅದು ಆ ಕಿರಿಯರ ಮುಖವಾಡ ಹಾಕಿಕೊಂಡು ನನ್ನೆದುರು ಕುಳಿತಿತ್ತು.

ಸಿಟ್ಟು ಬಂದ ಕಡೆಯಲ್ಲೆಲ್ಲ ನಮ್ಮ ನೆರಳೇ ಇರುತ್ತದೆಂದು ಇದರಿಂದ ತೀರ್ಮಾನಿಸಬಾರದು. ಅನ್ಯಾಯ ಕಂಡು ಬರುವ ಕೋಪ ಅನ್ಯಾಯವನ್ನು ಕುರಿತದ್ದೇ. ನೊಂದವರಿಗೆ ನಿಮ್ಮ ನೆರಳನ್ನು ನೋಡಿಕೊಳ್ಳಿ ಎಂದು ಉಪದೇಶಿಸುವುದು ಶುದ್ಧ ಅವಿವೇಕ. ಗಮನಿಸಬೇಕಾದದ್ದು ಕಾರಣಕ್ಕೂ ಕೋಪಕ್ಕೂ ಇರುವ ಅಳತೆಯ ಅಂತರವನ್ನು.

ಇದನ್ನೆಲ್ಲ ಮನಸ್ಸಿನಿಂದ ತೆಗೆದುಹಾಕಿಬಿಟ್ಟರಾಯಿತಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ಈಗ ನೆನೆಯಬಹುದು ಎಂದಾಗ, ಮೊದಲಿನಿಂದ ನೆನೆಯಲು ಬಿಟ್ಟಿದ್ದವರಿಗಿಂತ ತಡೆದುಕೊಂಡಿದ್ದವರಲ್ಲೇ ಕರಡಿಯ ಓಡಾಟ ಹೆಚ್ಚಾಗಿತ್ತು. ಅಲ್ಲಿ ತಡೆದದ್ದು ತಿಳಿದೂ ತಿಳಿದೂ, ಬಾಲ್ಯದಲ್ಲಿ ನಡೆಯುವುದು ತಿಳಿಯದೆ. ಹಾಗಾಗಿ ಎರಡನ್ನೂ ಒಂದೇ ಎನ್ನಲಾಗದು. ಆದರೂ ಒತ್ತಿ ಹಿಡಿದದ್ದು ಅಳಿಯುವುದಿಲ್ಲ ಎಂಬ ಮಟ್ಟಿಗೆ ಈ ಸಾಕ್ಷ್ಯ ಉಪಯುಕ್ತ.

ಇನ್ನು ಒಪ್ಪಿಕೊಳ್ಳುವುದರ ಕುರಿತು. ಮತ್ಸರವನ್ನು ಒಪ್ಪಿಕೊಳ್ಳುವುದೆಂದರೆ ಮತ್ಸರದಂತೆ ನಡೆದುಕೊಳ್ಳುವುದಲ್ಲ. ನಾನು ಇರುವುದೇ ಹೀಗೆ ಎಂದು ಎದುರಿನವರ ಮೇಲೆ ಹರಿಹಾಯುವುದು ಒಪ್ಪಿಗೆಯಲ್ಲ, ಸೋಮಾರಿತನ. ನನಗೆ ಹೊಟ್ಟೆಕಿಚ್ಚಾಗುತ್ತಿದೆ ಎಂದು ನಮ್ಮಷ್ಟಕ್ಕೆ ನಾವು ಪೂರ್ತಿ ವಾಕ್ಯದಲ್ಲಿ ಹೇಳಿಕೊಳ್ಳುವುದು ಮೊದಲ ಕೆಲಸ. ಹಾಗೆ ಹೇಳಿಕೊಂಡ ಮೇಲೆ, ಮಾಡುವುದೋ ಬಿಡುವುದೋ ಎಂಬ ಆಯ್ಕೆ ನಮ್ಮ ಕೈಗೆ ಬರುತ್ತದೆ. ಹೇಳಿಕೊಳ್ಳದಿದ್ದರೆ ಆ ಆಯ್ಕೆಯನ್ನು ಹೊಟ್ಟೆಕಿಚ್ಚೇ ಮಾಡುತ್ತದೆ. ಕೆದಕಿದಾಗ ಬರೀ ನಾಚಿಕೆಯಲ್ಲ, ತಾಳಲಾರದ ಭಯ ಅಥವಾ ಹಳೆಯ ಹಿಂಸೆಯ ನೆನಪು ಏಳುವುದಾದರೆ, ಒಬ್ಬರೇ ಮುಂದುವರಿಯದೆ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಬೇಕು.

ಆ ರಾತ್ರಿಯ ನಂತರ ಕೆಲವು ತಿಂಗಳು ಕಳೆದು, ಒಂದು ಸಭೆಯಲ್ಲಿ ವರದಿಯೊಂದರ ಮಾತು ಬಂತು. ಅದರ ಮೂರನೆಯ ಅಧ್ಯಾಯವನ್ನು ಬರೆದದ್ದು ನಾನು ಎಂದು ಹೇಳಿದೆ. ಧ್ವನಿ ಸ್ವಲ್ಪ ನಡುಗಿತು, ಕಿವಿ ಬಿಸಿಯಾಯಿತು. ಆ ಕಿರಿಯರು ಟಿಪ್ಪಣಿ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ, ಹೌದೇ ಸರ್, ನಮಗೆ ಯಾರಿಗೂ ಗೊತ್ತೇ ಇರಲಿಲ್ಲವಲ್ಲ, ಎಂದರು.

ನಮಸ್ಕಾರ.