ಹುಟ್ಟಿದ ತಾರೀಖು ಬೇಡ, ಚಡ್ಡಿ ಮುಟ್ಟಿ ನೋಡಿ

ಕೇಳುಗರಿಗೆ ನಮಸ್ಕಾರ.

"ಎರಡು ತುಂಬಿತು, ಇನ್ನೂ ಚಡ್ಡಿಯಲ್ಲೇ ಮಾಡ್ಕೊಳ್ಳುತ್ತಾ?" ಅಂತ ಹಬ್ಬದ ಊಟಕ್ಕೆ ಬಂದವರು ಕೇಳಿದರೆ ತಾಯಿಯ ಮುಖ ಸಣ್ಣದಾಗುತ್ತದೆ. ಆಗಬೇಕಾದ್ದಿಲ್ಲ. ಹೇಳಿ ಹೋಗಿ ಸುಸ್ಸು-ಕಕ್ಕ ಮಾಡುವುದನ್ನು ಕಲಿಯಲು ಹೆಚ್ಚಿನ ಮಕ್ಕಳು 18 ತಿಂಗಳಿಂದ 3 ವರ್ಷದೊಳಗೆ ಯಾವಾಗಲೋ ತಯಾರಾಗುತ್ತವೆ. ಆ 'ಯಾವಾಗಲೋ' ತಿಳಿಯಲು ಹುಟ್ಟಿದ ತಾರೀಖು ನೋಡಿ ಪ್ರಯೋಜನವಿಲ್ಲ.

ಮೂರು ದಿನ ಹಗಲು ಹೊತ್ತು ಬಟ್ಟೆಯ ಚಡ್ಡಿ ಹಾಕಿ. ಡೈಪರ್ ಹೀರಿಕೊಂಡು ಒಣಗಿದಂತೆಯೇ ಇರುತ್ತದೆ, ಏನೂ ಗೊತ್ತಾಗದು. ಅರ್ಧ ಗಂಟೆಗೊಮ್ಮೆ ಚಡ್ಡಿ ಮುಟ್ಟಿ ನೋಡಿ, ಒದ್ದೆಯಾದ ಹೊತ್ತನ್ನು ಕ್ಯಾಲೆಂಡರಿನ ಹಿಂದೆ ಗುರುತು ಹಾಕಿ. ಮುಟ್ಟಿದಾಗಲೆಲ್ಲ ಸ್ವಲ್ಪಸ್ವಲ್ಪ ಸುಸ್ಸು ಹೋಗಿದ್ದರೆ ಹಿಡಿದಿಡುವ ಶಕ್ತಿ ಇನ್ನೂ ಬಂದಿಲ್ಲ, ಎರಡು ತಿಂಗಳು ಬಿಟ್ಟು ನೋಡಿ. ಎರಡು ಗಂಟೆ ಒಣಗಿದ್ದು ಆಮೇಲೆ ಒಂದೇ ಸಲಕ್ಕೆ ಹೋದರೆ, ಮಧ್ಯಾಹ್ನದ ನಿದ್ದೆಯಿಂದ ಒಣ ಚಡ್ಡಿಯಲ್ಲೇ ಎದ್ದರೆ, ದೇಹ ತಯಾರು.

ದೇಹ ತಯಾರಾದರೆ ಸಾಲದು, ಮಗುವಿಗೂ ತಿಳಿಯಬೇಕು. ಮೊದಲು ಅದು "ಆಯ್ತು" ಅನ್ನುತ್ತದೆ, ನೆಲ ಒದ್ದೆಯಾದ ಮೇಲೆ. ಕೆಲವು ವಾರ ಕಳೆದು, ಆಗುತ್ತಿರುವಾಗಲೇ ನಿಂತು ಕೆಳಗೆ ನೋಡುತ್ತದೆ. ಕೊನೆಗೆ "ಬಂತು" ಅನ್ನುತ್ತದೆ. ಮಾತು ಬಾರದ ಮಗುವಾದರೆ ಕಕ್ಕ ಬರುವ ಮುಂಚೆ ಬಾಗಿಲ ಸಂದಿಗೆ ಹೋಗಿ ಮುಖ ಕೆಂಪಗೆ ಮಾಡಿ ನಿಲ್ಲುತ್ತದೆ. ಅದಕ್ಕೆ ಗದರಬೇಡಿ, ಅದೂ "ಬಂತು" ಎಂದೇ. ಅಜ್ಜಿ ಕಾಲ ಮೇಲೆ ಕೂರಿಸಿ "ಶ್..." ಅನ್ನುವುದು ತಪ್ಪಲ್ಲ. ಆದರೆ ಅಲ್ಲಿ ಹೊತ್ತು ಗೊತ್ತಿರುವುದು ಅಜ್ಜಿಗೆ, ಮಗುವಿಗಲ್ಲ.

ಶುರು ಮಾಡುವಾಗ ತಿಂಡಿ ತಿಂದ 15ರಿಂದ 30 ನಿಮಿಷಕ್ಕೆ ಪಾಟಿ, ಅಂದರೆ ಮಕ್ಕಳ ಪುಟ್ಟ ಕಕ್ಕಸು ಕುರ್ಚಿಯ ಮೇಲೆ ಕೂರಿಸಿ. ಹೊಟ್ಟೆಗೆ ಆಹಾರ ಬಿದ್ದರೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಐದು ನಿಮಿಷ ಸಾಕು. ಪಾದ ನೆಲಕ್ಕೆ ಊರಿರಬೇಕು. ಕಮೋಡ್ ಆದರೆ ಕಾಲಡಿಗೆ ಮಣೆ ಕೊಡಿ, ಕಾಲು ನೇತಾಡಿದರೆ ತಿಣುಕಲು ಬಲ ಸಿಗದು. ಎಲಾಸ್ಟಿಕ್ ಚಡ್ಡಿಯೇ ಇರಲಿ, ಗುಂಡಿ ಬಿಚ್ಚುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ಹೆಚ್ಚಿನ ಕಡೆ ಎಡವುವುದು ಮಲಬದ್ಧತೆಯಲ್ಲಿ. ಒಮ್ಮೆ ಗಟ್ಟಿಯಾಗಿ ಹೋಗಿ ನೋವಾದರೆ ಮಗು ಮುಂದಿನ ಸಲ ತಡೆದುಕೊಳ್ಳುತ್ತದೆ, ತುದಿಗಾಲಲ್ಲಿ ನಿಂತು ಕಾಲು ಹೆಣೆಯುತ್ತದೆ. ತಡೆದಷ್ಟೂ ಒಳಗೆ ಇನ್ನಷ್ಟು ಗಟ್ಟಿ. ಆಮೇಲೆ ಗಟ್ಟಿಯ ಪಕ್ಕದಿಂದ ತೆಳ್ಳಗೆ ಸೋರಿ ಚಡ್ಡಿಗೆ ಅಂಟುತ್ತದೆ, ನಾವು ಭೇದಿ ಎಂದುಕೊಳ್ಳುತ್ತೇವೆ. ಮೊದಲು ಹೊಟ್ಟೆ ಸರಿಮಾಡಿ: ಹಾಲು ದಿನಕ್ಕೆ ಅರ್ಧ ಲೀಟರ್ ಮೀರದಿರಲಿ, ಪರಂಗಿ ಹಣ್ಣು, ಸೊಪ್ಪಿನ ಸಾರು, ನೀರು ಹೆಚ್ಚಲಿ. ಎರಡು ವಾರದಲ್ಲಿ ಮೆತ್ತಗಾಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರಿಗೆ ಇನ್ನೊಂದು ಮಾತು. ಜೂನ್‌ನಲ್ಲಿ ಹಿಡಿದ ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಥಂಡಿಗೆ ಸುಸ್ಸು ಹೆಚ್ಚು, ಒಗೆದ ಚಡ್ಡಿ ಒಲೆ ಮುಂದೆ ಹರವಿದರೂ ಒಣಗದು. ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ಬೇಡ. ಕೊಯ್ಲು ಮುಗಿದ ಮೇಲಿನ ಬಿಸಿಲೇ ಸರಿ. ಎಂಟು ಚಡ್ಡಿ ಒಗೆದರೂ ಸಂಜೆಗೆ ಮಡಚಿಡಬಹುದು.

ರಾತ್ರಿಯದು ಬೇರೆ ಲೆಕ್ಕ. 5 ವರ್ಷದವರೆಗೆ ಹಾಸಿಗೆ ಒದ್ದೆಯಾದರೆ ರೋಗವಲ್ಲ, ರಬ್ಬರ್ ಶೀಟ್ ಹಾಸಿ ಮಲಗಿಸಿ. ಆದರೆ ತಿಂಗಳುಗಟ್ಟಲೆ ಒಣಗಿದ್ದ ಮಗು ದಿಢೀರನೆ ಒದ್ದೆ ಮಾಡಿಕೊಳ್ಳತೊಡಗಿದರೆ, ಸುಸ್ಸು ಮಾಡುವಾಗ ಉರಿ ಎಂದು ಅತ್ತರೆ ಡಾಕ್ಟರಿಗೆ ತೋರಿಸಿ. ಜೊತೆಗೆ ವಿಪರೀತ ಬಾಯಾರಿಕೆ ಇದ್ದು ಸೊರಗುತ್ತಿದ್ದರೆ ನಾಳೆಗೆ ಬಿಡದೆ ಅಂದೇ ಹೋಗಿ.

ನಮಸ್ಕಾರ.