ಹೆಸರು ಕೇಳಿ ಹೆದರಬೇಡಿ

ನಮಸ್ಕಾರ ಕೇಳುಗರೇ. ಇಂಗ್ಲಿಷ್ ಸಾಹಿತ್ಯ ಓದುತ್ತಿರುವವರ ಜೊತೆ ಇವತ್ತು ಸ್ವಲ್ಪ ಮಾತಾಡಬೇಕು. ಸಿನೆಕ್ಡಕಿ, ಮೆಟಾನಮಿ, ಅನಾಫರ, ಆಕ್ಸಿಮೊರಾನ್. ಮಾತಿನ ಅಲಂಕಾರಗಳ ಈ ಹೆಸರುಗಳು ಕಿವಿಗೆ ಬಿದ್ದ ಕೂಡಲೇ ಎಷ್ಟೋ ಮಂದಿ ಸುಮ್ನೆ ವ್ಯಾಖ್ಯೆ ಉರು ಹೊಡೆಯಲು ಕೂರುತ್ತಾರೆ, ಪರೀಕ್ಷೆ ಮುಗಿದ ಮೇಲೆ ಒಂದೂ ನೆನಪಿರುವುದಿಲ್ಲ. ಹೌದು ಅಲ್ವಾ?

ಇವೆಲ್ಲ ಗ್ರೀಕ್ ಮೂಲದ ಪದಗಳು. ಒಡೆದು ನೋಡಿದರೆ ಒಳಗೆ ಸಾದಾ ಮಾತೇ ಇರುತ್ತದೆ. ಮೆಟಫರ್, ಅಂದರೆ ನಮ್ಮ ರೂಪಕ, ಆ ಪದದ ಅರ್ಥ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತು ಸಾಗಿಸುವುದು. ಹೈಪರ್ಬೊಲಿ, ಅಂದರೆ ಅತಿಶಯೋಕ್ತಿ, ಆ ಪದದ ಅರ್ಥ ಆಚೆಗೆ ಎಸೆಯುವುದು. 1589ರಲ್ಲಿ ಬಂದ, ಜಾರ್ಜ್ ಪಟನ್‌ಹ್ಯಾಮ್ ಬರೆದದ್ದೆನ್ನುವ ಕಾವ್ಯಕಲೆಯ ಪುಸ್ತಕದಲ್ಲಿ ಇಂಥ ಹೆಸರುಗಳಿಗೆಲ್ಲ ಇಂಗ್ಲಿಷ್ ಹೆಸರು ಕೊಡುತ್ತಾ ಹೈಪರ್ಬೊಲಿಯನ್ನು 'ದೊಡ್ಡ ಗಂಟಲಿನ ಸುಳ್ಳುಗಾರ' ಅಂತ ಕರೆದಿದ್ದಾರೆ. ಎಷ್ಟು ಚೆನ್ನಾಗಿದೆ! ಆದರೆ ನನಗೆ ಎಲ್ಲಕ್ಕಿಂತ ಇಷ್ಟ ಆಕ್ಸಿಮೊರಾನ್, ಅಂದರೆ ಒಂದಕ್ಕೊಂದು ವಿರುದ್ಧವಾದ ಮಾತುಗಳನ್ನು ಜೊತೆಗೆ ಇಡುವುದು. ಆ ಹೆಸರಿನೊಳಗೆ ಚೂಪು ಅನ್ನುವ ಪದವೂ ಇದೆ, ಮೊಂಡು ಅನ್ನುವ ಪದವೂ ಇದೆ. ಚೂಪು-ಮೊಂಡು. ಹೆಸರೇ ತನಗೆ ತಾನೇ ಉದಾಹರಣೆ.

ಜಾಸ್ತಿ ಗೊಂದಲ ಇರುವುದು ಸಿನೆಕ್ಡಕಿ, ಮೆಟಾನಮಿಗಳ ನಡುವೆ. ಹಡಗಿನಲ್ಲಿ 'ಆಲ್ ಹ್ಯಾಂಡ್ಸ್ ಆನ್ ಡೆಕ್' ಅಂತ ಕೂಗಿದಾಗ ಬರಬೇಕಾದ್ದು ಕೈಗಳಲ್ಲ, ನಾವಿಕರು. ಕೈ ನಾವಿಕನ ಮೈಯದೇ ಒಂದು ಭಾಗ, ಆ ಭಾಗವೇ ಇಡೀ ಮನುಷ್ಯನ ಪರವಾಗಿ ನಿಂತಿತು. ಅದು ಸಿನೆಕ್ಡಕಿ. ಬ್ರಿಟನ್ನಿನಲ್ಲಿ ರಾಜಸತ್ತೆಯನ್ನು 'ದ ಕ್ರೌನ್' ಅನ್ನುತ್ತಾರೆ. ಕಿರೀಟ ರಾಜನ ಮೈಯ ಭಾಗವಲ್ಲ, ಅವನ ಜೊತೆಗಿರುವ ವಸ್ತು. ಅದು ಮೆಟಾನಮಿ. ಸಿನೆಕ್ಡಕಿಯೂ ಮೆಟಾನಮಿಯದೇ ಒಂದು ಬಗೆ ಅನ್ನುವ ವಿದ್ವಾಂಸರೂ ಇದ್ದಾರೆ, ಆದರೆ ಕಲಿಯುವ ಹಂತದಲ್ಲಿ ಎರಡನ್ನೂ ಬೇರೆ ಇಟ್ಟುಕೊಳ್ಳುವುದೇ ವಾಸಿ.

ಇನ್ನು ಅನಾಫರ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ 'ಐ ಹ್ಯಾವ್ ಎ ಡ್ರೀಮ್' ಅಂತ ಮತ್ತೆ ಮತ್ತೆ ಹೇಳಿದ್ದು ಗೊತ್ತಲ್ಲ? ಸಾಲಿನ ಮೊದಲಿಗೆ ಅದೇ ಮಾತು, ಅದರ ಬೆನ್ನಿಗೆ ಪ್ರತಿ ಸಲವೂ ಹೊಸ ಚಿತ್ರ. ಕೇಳುವವರು ಮುಂದಿನದಕ್ಕೆ ಕಾಯತೊಡಗುತ್ತಾರೆ. 'ಇಲ್ಲಿ ಅನಾಫರ ಇದೆ' ಅಂತ ಬರೆದು ನಿಲ್ಲಿಸಿದರೆ ಇದ್ಯಾವುದೂ ಉತ್ತರದಲ್ಲಿ ಬರುವುದಿಲ್ಲ. ಒಂದು ಕೆಲಸ ಮಾಡಿ. ಆ ಭಾಗವನ್ನು ಗಟ್ಟಿಯಾಗಿ ಓದಿ, ಆಮೇಲೆ ಮರುಕಳಿಸುವ ಮಾತನ್ನು ಬಿಟ್ಟು ಇನ್ನೊಮ್ಮೆ ಓದಿ. ಎರಡನೇ ಸಲ ಏನು ಕಡಿಮೆಯಾಯಿತೋ, ಅದನ್ನೇ ಬರೆಯಿರಿ.